ಮಯ್ಯರ ಮೊಣಕೈ

ಸ್ಕ್ಯಾನ್ ಮಾಡಿದರೆ ಸ್ನಾಯುರಜ್ಜುಗಳೇ ತಮ್ಮ ನೋವಿನ ಕಾರಣವನ್ನು ಪರದೆಯ ಮೇಲೆ ಆಡಿ ತೋರಿಸುವ ಕಾಲ ಬಂದಮೇಲೆ ಡಾಕ್ಟರರಿಗೆ ಸುಳ್ಳು ಹೇಳುವುದು ಕಷ್ಟವಾಗಿತ್ತು. ಆದರೂ ಯಕ್ಷಗಾನದ ಚೆಂಡೆವಾದಕ ನರಸಿಂಹ ಮಯ್ಯರು ಪ್ರಯತ್ನ ಬಿಡಲಿಲ್ಲ. ಬಲಮೊಣಕೈ ವಾಸಿಯಾಗದಿದ್ದರೆ ಮೇಳದವರು ಈ ವರ್ಷ ಬೇರೆಯವರನ್ನು ಕರೆಯುವವರಿದ್ದರು.

"ಮಳೆಗಾಲ ಪೂರ್ತಿ ಚೆಂಡೆ ಮುಟ್ಟಲಿಲ್ಲ ಡಾಕ್ಟ್ರೇ."

"ಕೋಲು ಅಟ್ಟಕ್ಕೆ ಹಾಕಿದ್ದೇ ನಾನು," ಎಂದು ಹೆಂಡತಿ ಸುಗಂಧಿ ಸಾಕ್ಷಿ ನುಡಿದರು.

ಡಾಕ್ಟರು ಮೊಣಕೈಗೆ ಜೆಲ್ ಸವರಿ ಯಂತ್ರ ಒತ್ತಿದರು. ಪರದೆಯಲ್ಲಿ ಮಯ್ಯರ ಕೈ ಮೂಡಿತು; ಬೆರಳುಗಳು ತಾಳಬದ್ಧವಾಗಿ ಏನನ್ನೋ ಬಡಿಯುತ್ತಿದ್ದವು. ಚಿತ್ರ ತುಸು ಅಗಲವಾದಾಗ ಹೂವಿನ ನೈಟಿ ತೊಟ್ಟ ಬೆನ್ನೊಂದು ಕಂಡಿತು.

ಸುಗಂಧಿ ತಮ್ಮ ನೈಟಿಯ ಗುರುತು ಹಿಡಿದರು.

"ಅಯ್ಯೋ ದೇವ್ರೇ! ದಿನಾ ಸಂಜೆ ನನ್ನ ಬೆನ್ನುನೋವಿಗೆ ಅಂತ ತಟ್ಟಿದ್ದು ಚೆಂಡೆ ಅಭ್ಯಾಸಕ್ಕಾ? ಈ ವಯಸ್ಸಲ್ಲಿ ಇವ್ರಿಗೆ ಪ್ರೀತಿ ಉಕ್ಕಿದೆ ಅಂತ ನಾನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದೆನಲ್ಲ ಮಾರಾಯ್ರೆ!"

ಮಯ್ಯರು ಮೊಣಕೈಯ ಜೆಲ್ ಒರೆಸಿಕೊಳ್ಳತೊಡಗಿದರು.

"ತಟ್ಟುವುದು ಇವತ್ತಿಗೇ ನಿಲ್ಲಬೇಕು," ಎಂದರು ಡಾಕ್ಟರು. "ಇಲ್ಲದಿದ್ದರೆ ಈ ವರ್ಷ ಮೇಳದ ತಿರುಗಾಟ ಮರೆತುಬಿಡಿ."

"ನಿಲ್ಲಿಸ್ತಾರೆ, ನಾನಿದ್ದೇನೆ," ಎಂದು ಸುಗಂಧಿ ಗಂಡನನ್ನು ಎಬ್ಬಿಸಿಕೊಂಡು ಹೊರಟರು. ಬಾಗಿಲು ದಾಟಿದ ಮೇಲೆ ಮೆಲ್ಲಗೆ ಕೇಳಿದರು:

"ಎಡಗೈ ಸರಿ ಉಂಟಲ್ಲ?"