ಸಂಜೆಯವರೆಗೆ ಮಾತು

ಭರಮಪ್ಪ ಟ್ಯಾಬನ್ನು ಶೀತಲಳ ಅಂಗಡಿಯ ಗಾಜಿನ ಮೇಲೆ ಕುಕ್ಕಿದ. ಗಾಜು ಒಡೆಯಲಿಲ್ಲ, ಅದು ಅವಳ ಪುಣ್ಯ.

"ಮಧ್ಯಾಹ್ನಕ್ಕ ಸಾಯತೈತಿ ಇದು! ದಿನಾ! ಹೊಸಾ ಬ್ಯಾಟರಿ ಹಾಕು, ಇಲ್ಲಂದ್ರ ಮಲಪ್ರಭಾಕ್ಕ ಒಗದು ಬರತೇನಿ."

"ಒಗೀರಿ ಕಾಕಾ, ನದಿ ಏನ್ ದೂರ ಇಲ್ಲ," ಎಂದಳು ಶೀತಲ. ರಾಮದುರ್ಗದಲ್ಲಿ ಮೊಬೈಲು ರಿಪೇರಿ ಮಾಡುವ ಅವಳಿಗೆ ಇಂಥ ಗಿರಾಕಿಗಳು ಹೊಸಬರಲ್ಲ. ಶಟರ್ ಇನ್ನೂ ಅರ್ಧ ಎತ್ತಿದ್ದಳು ಅಷ್ಟೇ. "ಈ ಮಾಡೆಲ್ಲಿಗೆ ಬ್ಯಾಟರಿ ಬರೂದು ಯಾವಾಗೋ ನಿಂತೈತಿ."

ಭರಮಪ್ಪನ ಹಿಂದೆ ಅವನ ಮಗಳು ರಾಜೇಶ್ವರಿ ಯೂನಿಫಾರ್ಮಿನಲ್ಲಿ ನಿಂತಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಹುಟ್ಟಿದಾಗಿನಿಂದ ಮಾತು ಮಾತ್ರ ಹೊರಡುವುದಿಲ್ಲ. ಟ್ಯಾಬಿನ ಮೇಲೆ ಬೆರಳಿನಿಂದ ಬರೆದರೆ ಅದು ಅವಳ ಪರವಾಗಿ ಮಾತಾಡುತ್ತದೆ. ಬೆಳಿಗ್ಗೆ ಸುರೇಬಾನದ ಶಾಲೆಯಲ್ಲಿ ಅವಳಷ್ಟು ಬಾಯಿ ಇನ್ನೊಬ್ಬರಿಗಿಲ್ಲ. ಊಟದ ಗಂಟೆ ಹೊಡೆಯುವಷ್ಟರಲ್ಲಿ ಟ್ಯಾಬು ಸತ್ತು ಅವಳು ಮೂಕಿಯಾಗುತ್ತಾಳೆ. ಓರಗೆಯ ಹುಡುಗರು ಹಾಗೆಂದೇ ಕರೆಯುತ್ತಾರೆ. ಪವರ್ ಬ್ಯಾಂಕ್ ಚುಚ್ಚಿದರೆ ಕೈ ಸುಡುವಷ್ಟು ಕಾದು ತಾನೇ ಬಂದ್ ಆಗುತ್ತದೆ. ನಿನ್ನೆ ಅವಳು ಊಟದ ಗಂಟೆಗೇ ಪಾಟಿಚೀಲ ಹೆಗಲಿಗೇರಿಸಿ ಮನೆಗೆ ಬಂದು, ಇನ್ನು ಶಾಲೆಗೆ ಹೋಗುವುದಿಲ್ಲವೆಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದಳು. ಟ್ಯಾಬು ಸರಿಮಾಡಿಸಿಯೇ ಶಾಲೆಗೆ ಬಿಡುತ್ತೇನೆಂದು ಹೇಳಿ ಅಪ್ಪ ಇವತ್ತು ಅವಳನ್ನು ಹೊರಡಿಸಿದ್ದ.

ಶೀತಲ ಟ್ಯಾಬಿನ ಬೆನ್ನು ಮುಟ್ಟಿ ಹುಬ್ಬು ಗಂಟಿಕ್ಕಿದಳು. ವೈರು ಹಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಏನೇನೋ ಸಾಲುಗಳನ್ನು ಓದಿದಳು.

"ಯಾರು ಮಾಡ್ಯಾರಿದನ್ನ? ಕೆಲಸಾ ಇರ್ಲಿ ಬಿಡ್ಲಿ, ಪ್ರೊಸೆಸರ್ ಪೂರಾ ವೇಗದಾಗ ಓಡಾಕ ಹತ್ತೈತಿ."

"ನಾನ ಮಾಡಿಸೇನಿ!" ಭರಮಪ್ಪ ಎದೆ ಉಬ್ಬಿಸಿದ. "ಮೊದಲ ಇದು ದನಿ ತಡಾ ಮಾಡತಿತ್ತು. ಈಕಿ ಬರದು ಮುಗಿಸಿ ಇದು ಬಾಯಿ ತೆಗಿಯೂದ್ರಾಗ ಎದುರಿಗಿದ್ದವರು ಎದ್ದು ಹೋಗತಿದ್ರು. ಎಂದೂ ನಿಧಾನ ಆಗಬಾರದು, ಹಂಗ ಮಾಡಿ ಕೊಡು ಅಂತ ಒಬ್ಬಾಂವಗ ಹೇಳಿದ್ದೆ. ತಪ್ಪೇನ?"

"ನೀವು ಟಂಟಂ ಗಾಡಿ ಓಡಸ್ತೀರಿ, ಹೌದಲ್ರಿ? ಸ್ಟ್ಯಾಂಡಿನ್ಯಾಗ ಸೀಟು ತುಂಬೂತನಕ ರೇಸ್ ಕೊಟ್ಕೊಂತ ಕೂಡ್ತೀರೇನು?"

"ನನಗೇನ ಹುಚ್ಚ ಹಿಡದೈತಿ? ಡೀಸೆಲ್ ನಿಮ್ಮಪ್ಪ ಹಾಕಸ್ತಾನೇನು?"

"ಹಂಗಿದ್ರ ಈ ಬಡಪಾಯಿ ಟ್ಯಾಬಿಗೆ ಯಾಕ ರೇಸ್ ಕೊಡಸೀರಿ?"

ರಾಜೇಶ್ವರಿಯ ಭುಜಗಳು ಕುಲುಕಿದವು. ನಗುತ್ತಿದ್ದಳು. ಭರಮಪ್ಪ ಕಣ್ಣು ಬಿಟ್ಟು ನೋಡಿದ, ಅವಳು ಇನ್ನಷ್ಟು ನಕ್ಕಳು.

"ಯಂತ್ರದ ತಳದಾಗ ಕರ್ನಲ್ ಅಂತ ಇರತೈತ್ರಿ, ಎಲ್ಲಾದಕ್ಕೂ ಅಪ್ಪಣೆ ಕೊಡೂದು ಅದ," ಎಂದಳು ಶೀತಲ, ಕೈ ನಿಲ್ಲಿಸದೆ. "ವೇಗ ಏರಸೂದು, ಇಳಸೂದು ಅದರಾಗಿನ ಗವರ್ನರ್ ಕೆಲಸ. ನಿಮ್ಮ ಇಂಜಿನ್ನಿನ ಡೀಸೆಲ್ ಪಂಪಿನ್ಯಾಗ ಇರತೈತಲ್ಲ, ಹಂಗ. ಆ ಪುಣ್ಯಾತ್ಮ ಅದನ್ನ ಮ್ಯಾಲಿನ ತುದಿಗೆ ಕಟ್ಟಿಹಾಕ್ಯಾನ."

ಮೊದಲು ಅವಳು ವೇಗವನ್ನು ತೀರ ಕೆಳಗಿಳಿಸಿದಳು. ರಾಜೇಶ್ವರಿ ತನ್ನ ಹೆಸರು ಬರೆದಳು. ಟ್ಯಾಬು ಬಹಳ ಹೊತ್ತು ಸುಮ್ಮನಿದ್ದು, ಒಂದೊಂದೇ ಅಕ್ಷರ ಕಕ್ಕಿತು.

"ಇದೇನ ಮಾತೋ, ಮುಲುಗಾಟೋ?" ಭರಮಪ್ಪ ಒದರಿದ. "ಇದಕ್ಕಿಂತ ಮೊದಲಿನದ ಚಲೋ ಇತ್ತು! ತಾ ಇಲ್ಲೆ!"

"ಕೂತ್ಕೋರಿ ಕಾಕಾ. ಎಲ್ಲೀತನಕ ಇಳೀತೈತಿ ಅಂತ ನೋಡಿದೆ."

ಶೀತಲ ಮತ್ತೆ ಸಾಲು ತಿದ್ದಿದಳು. ಸುಮ್ಮನಿದ್ದಾಗ ವೇಗ ಕೆಳಗೆ. ಬೆರಳು ತಾಗಿದೊಡನೆ ಮೇಲೆ. ಮಾತು ಮುಗಿದೊಡನೆ ಮತ್ತೆ ಕೆಳಗೆ. "ಈಗ ಬರೀವಾ," ಎಂದು ಹುಡುಗಿಯ ಮುಂದೆ ಸರಿಸಿ, ಅಪ್ಪನಿಗೆ ಹೇಳಿದಳು, "ಒಂದ ಚೂರ ತಡಾ ಆಗತೈತಿ. ಅಷ್ಟು ನಾ ತಪ್ಪಸಾಕ ಆಗಂಗಿಲ್ಲ."

"ತಡಾ ಅಂದ್ರ ಬ್ಯಾಡ. ಮಂದಿ ಕಾಯಂಗಿಲ್ಲ, ನನಗ ಗೊತ್ತೈತಿ."

ರಾಜೇಶ್ವರಿ ಬರೆದಳು. ಒಂದು ಉಸಿರಿನಷ್ಟು ಬಿಟ್ಟು ಟ್ಯಾಬಿನ ಸಪಾಟು ಹೆಣ್ಣುದನಿ ಹೇಳಿತು, "ತಡಾ ಆಗ್ಲಿ. ಬಂದ್ ಆಗೂದು ಬ್ಯಾಡ."

ಭರಮಪ್ಪ ಕಿಸೆಯಿಂದ ದುಡ್ಡು ತೆಗೆದು ಗಾಜಿನ ಮೇಲಿಟ್ಟ.

"ಗ್ಯಾರಂಟಿ ಕೊಡಂಗಿಲ್ರಿ ಮತ್ತ," ಎಂದಳು ಶೀತಲ. "ಬ್ಯಾಟರಿ ಮುಪ್ಪಾಗೈತಿ. ಇವತ್ತೊಂದಿನ ನೋಡ್ರಿ."

ಮಗಳನ್ನು ಶಾಲೆಗೆ ಬಿಟ್ಟ ಮೇಲೆ, ಆ ದಿನ ಟಂಟಂ ಹತ್ತಿದವರೆಲ್ಲ ಭರಮಪ್ಪನ ಬಾಯಿಗೆ ಬಿದ್ದರು. ಒಬ್ಬ ಮುದುಕಿಯಂತೂ ನಡುದಾರಿಯಲ್ಲೇ ಇಳಿಯುತ್ತೇನೆಂದು ಹಟ ಹಿಡಿದಳು. ಊಟದ ಗಂಟೆಯ ಹೊತ್ತಿಗೆ ಅವನು ಶಾಲೆಯ ಮುಂದೆ ಗಾಡಿ ನಿಧಾನ ಮಾಡಿದ. ಗೇಟಿನಲ್ಲಿ ಮಗಳಿರಲಿಲ್ಲ. ಮನೆಗೆ ಫೋನು ಹಚ್ಚಿದ. ಅಲ್ಲಿಗೂ ಬಂದಿರಲಿಲ್ಲ. ಆಮೇಲೆ ಸವಾರಿ ಸಿಕ್ಕರೂ ಒಲ್ಲೆನೆಂದು ಗೇಟಿನ ಎದುರಿಗೇ ಗಾಡಿ ನಿಲ್ಲಿಸಿ, ಬಿಸಿಲಿನಲ್ಲಿ ಅತ್ತಿಂದಿತ್ತ ಅಡ್ಡಾಡಿದ.

ಶಾಲೆ ಬಿಟ್ಟಿತು. ಹುಡುಗರ ಹಿಂಡು ಹರಿದುಹೋದ ಮೇಲೆ, ನೀರಿನ ಟ್ಯಾಂಕಿಯ ಹತ್ತಿರ ರಾಜೇಶ್ವರಿ ಕಂಡಳು. ಅವಳೆದುರಿಗೆ ಒಬ್ಬ ಎತ್ತರದ ಹುಡುಗಿ ಕೈ ಬೀಸಿ ಬೀಸಿ ಏನೋ ಕಿರುಚುತ್ತಿದ್ದಳು. ಭರಮಪ್ಪನ ತಲೆಗೆ ಬೆಂಕಿ ಹತ್ತಿತು. ಚಪ್ಪಲಿ ಕಳಚಿಬಿದ್ದದ್ದೂ ಅರಿವಿಲ್ಲದೆ ಓಡಿದ.

"ಯಾರಬೇ ನೀ? ನನ್ನ ಮಗಳಿಗೆ ಏನಂದಿ? ಇನ್ನೊಮ್ಮೆ ಅನ್ನು ನೋಡೂಣು!"

ರಾಜೇಶ್ವರಿ ತಿರುಗಿ ನೋಡದೆ ಎಡಗೈ ಎತ್ತಿ ಅವನನ್ನು ತಡೆದಳು. ಬಲಗೈ ಬೆರಳು ಟ್ಯಾಬಿನ ಮೇಲೆ ಓಡುತ್ತಿತ್ತು. ಎತ್ತರದ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾಯಿ ಮುಚ್ಚಿ, ಉತ್ತರಕ್ಕಾಗಿ ಕಾಯುತ್ತಿದ್ದಳು.

ಟ್ಯಾಬು ಮಾತಾಡಿತು.

"ಅಪ್ಪಾ, ನೀ ಸುಮ್ನ ಗಾಡಿ ಕಡೆ ಹೋಗು. ಇದು ನನ್ನ ಜಗಳ."