ಒಪ್ಪಿಗೆಯಾದ ಮುಚ್ಚಳ

ಪಂಪಿನ ಮುಚ್ಚಳದ ಡ್ರಾಯಿಂಗನ್ನು ಮತ್ತೆ ಮತ್ತೆ ವಾಪಸು ಕಳಿಸಿ ಸಾಹೇಬರು ಸುಗುಣಳ ಪ್ರಾಣ ಹಿಂಡಿದ್ದರು. ಮೂಲ ಫೈಲನ್ನು ಅವರು ತೆರೆಯುವವರೇ ಅಲ್ಲ. ಕಂಪ್ಯೂಟರು ಅದರಿಂದ ತಯಾರಿಸಿಕೊಡುವ ಪ್ರಿವ್ಯೂ ಚಿತ್ರ ನೋಡಿಯೇ ತೀರ್ಪು ಕೊಡುವವರು. ಅವರು ಹೇಳಿದಂತೆಲ್ಲ ತಿದ್ದಿ ತಿದ್ದಿ ಅವಳಿಗೆ ಸಾಕುಸಾಕಾಗಿತ್ತು.

ಕೊನೆಗೊಂದು ದಿನ ಸಾಹೇಬರ ಮುಖ ಅರಳಿತು.

"ಈಗ ನೋಡಮ್ಮ, ಎಷ್ಟು ಲಕ್ಷಣವಾಗಿದೆ! ಮೊದಲು ಕಳಿಸಿದ್ಯಲ್ಲ, ಅದೂ ಒಂದು ಡ್ರಾಯಿಂಗಾ? ನಾನು ಬೈದಿದ್ದಕ್ಕೆ ಒಂದು ಹದಕ್ಕೆ ಬಂತು," ಎನ್ನುತ್ತ ಒಪ್ಪಿಗೆಯ ಗುಂಡಿ ಒತ್ತಿದರು.

ಸುಗುಣ ಹೊರಗೆ ಬಂದಾಗ ಸಿಸ್ಟಮ್ ನೋಡಿಕೊಳ್ಳುವ ಗಿರಿಧರ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ.

"ತಪ್ಪಾಯ್ತು ಮೇಡಂ. ಪ್ರಿವ್ಯೂ ಬದಲಾಗ್ತಾನೇ ಇರ್ಲಿಲ್ಲ. ಸಾಹೇಬ್ರು ಇಷ್ಟು ದಿನಾನೂ ನೋಡಿದ್ದು ನೀವು ಮೊಟ್ಟಮೊದಲು ಹಾಕಿದ್ದನ್ನೇ. ಈಗ ಸರಿ ಮಾಡ್ಲಾ?"

"ಪ್ರಿವ್ಯೂ ಮುಟ್ಟಬೇಡ ಮಾರಾಯ! ನನ್ನ ಆ ಮೊದಲಿನ ಡ್ರಾಯಿಂಗನ್ನೇ ವಾಪಸು ಹಾಕು."