ಹೊಸ ಇಂಜಿನ್ನಿನ ಮೊದಲ ಓಟ

ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ರಾಣೆಬೆನ್ನೂರಿನ ಆ ಗ್ಯಾರೇಜು ನೆನಪಾಗುತ್ತದೆ.

ಅದು ಅವ್ವ ತೀರಿಕೊಂಡ ವರ್ಷ. ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಾಗ ನಮ್ಮ ಹಳೆಯ ಅಂಬಾಸಡರ್ ಏದುಸಿರು ಬಿಡುತ್ತ ತೆವಳಿತ್ತು. ಅವ್ವ ದಾರಿಯಲ್ಲೇ ಹೋಗಿಬಿಟ್ಟಿದ್ದಳು. ಕಾರು ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅಪ್ಪ ಮಾರಲಿಲ್ಲ. ಹಳೆಯ ಇಂಜಿನ್ ತೆಗೆಸಿ, ಅದಕ್ಕಿಂತ ಜೋರಿನ ಡೀಸೆಲ್ ಇಂಜಿನ್ ಕೂರಿಸಲು ಆ ಗ್ಯಾರೇಜಿಗೆ ಕೊಟ್ಟ.

ಕೆಲಸ ಮುಗಿದ ಮಧ್ಯಾಹ್ನ ಮೇಸ್ತ್ರಿ ಖಾದರ್ ಚಾಚಾ ಬಾನೆಟ್ ಮುಚ್ಚಿ, ಎಣ್ಣೆಗೈ ಒರೆಸಿಕೊಳ್ಳುತ್ತ, "ಇನ್ನ ಹುಬ್ಬಳ್ಳಿ ಏನ್ ದೂರ ಅಲ್ರೀ ಸಾವಕಾರ್ರ," ಎಂದ. ಅಂದವನೇ ತಲೆ ತಗ್ಗಿಸಿದ.

ಅಪ್ಪ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ತಿರುಗಲೇ ಇಲ್ಲ.

"ಅಪ್ಪಾ, ನಮ್ಮೂರ ದಾರಿ ಹಿಂದ ಉಳೀತು," ಎಂದೆ.

ಅವನು ಆಕ್ಸಿಲರೇಟರ್ ಇನ್ನಷ್ಟು ತುಳಿದ. ಕಾಲಡಿಯ ತಗಡು ಬಿಸಿಯಾಗಿ ನಡುಗುತ್ತಿತ್ತು. ಹಾವೇರಿ ಹಿಂದೆ ಬಿತ್ತು. ಕಾರು ಹಾರುತ್ತಲೇ ಇತ್ತು.

ಹುಬ್ಬಳ್ಳಿಯ ಆಸ್ಪತ್ರೆಯ ಗೇಟಿನೆದುರು ನಿಲ್ಲಿಸಿ ಕೈಗಡಿಯಾರ ನೋಡಿಕೊಂಡ. ಕಾವಲುಗಾರ ಓಡಿಬಂದು ಕಿಟಕಿಯಲ್ಲಿ ಇಣುಕಿದ. "ಪೇಷಂಟ್ ಯಾರ್ರೀ? ಲಗೂ ಇಳಸ್ರಿ!"

ಅಪ್ಪ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. "ಯಾರೂ ಇಲ್ಲಪ್ಪಾ," ಎಂದ.

ನಾನು ಅವನ ಪಕ್ಕದಲ್ಲೇ ಕೂತಿದ್ದೆ.